ಹುಬ್ಬಿನ ಮೇಲಿನ ಗೆರೆ

ಮಾರ್ಚ್ ೪

ಇವತ್ತು ಪಾಸ್‌ಪೋರ್ಟ್ ಸೈಜು ಒಂಬತ್ತು, ಗ್ರೂಪ್ ಫೋಟೋ ಒಂದು. ಗ್ರೂಪಿನ ಯಜಮಾನರಿಗೆ ಮೂರು ಗದ್ದ ಇತ್ತು. ಒಂದು ಮಾಡಿ ಕೊಟ್ಟೆ. ಅವರ ಹೆಂಡತಿ ನೋಡಿ, "ಇವರು ಯಾರು?" ಅಂದಳು. ಇಪ್ಪತ್ತಾರು ವರ್ಷದಲ್ಲಿ ನನ್ನ ಸ್ಟುಡಿಯೋದಿಂದ ಕುರೂಪಿಯಾಗಿ ಹೊರಗೆ ಹೋದವರು ಒಬ್ಬರೂ ಇಲ್ಲ. ಒಳಗೆ ಬಂದವರ ಮಾತು ಬೇರೆ.

ಆರ್ಡರ್ ಬುಕ್ಕಿನ ಹಿಂದಿನ ಹಾಳೆಗಳು ನನ್ನವು. ಯಾರೂ ಇಲ್ಲಿತನಕ ತಿರುಗಿಸುವುದಿಲ್ಲ. ಏಳನೇ ಕ್ಲಾಸಿಗೇ ಹಳ್ಳಿ ಶಾಲೆ ಬಿಟ್ಟವನು ನಾನು. ಮೇಷ್ಟ್ರು ನನ್ನ ಅಕ್ಷರ ನೋಡಿ, "ಮುತ್ತು ಪೋಣಿಸಿದ ಹಾಗಿದೆ, ತಲೇಲಿ ಮಾತ್ರ ದಾರ ಇಲ್ಲ" ಅಂದಿದ್ದರು. ಮೊದಲರ್ಧವನ್ನು ಮಾತ್ರ ಜನರಿಗೆ ಹೇಳಿಕೊಂಡು ಬಂದಿದ್ದೇನೆ.

ಸಂಜೆ ಅಕ್ಕನ ಮಗಳು ಓಡಿ ಬಂದಳು. ಹೆಸರು ಹಿಡಿದು ಕರೆದದ್ದೇ ಇಲ್ಲ ಅವಳನ್ನು. ಮೆಣಸು. ಚಿಕ್ಕದು, ಖಾರ. "ಮಾವ, ಸೀಟ್ ಬಂತು!" ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಓದು. ವಿದೇಶದಲ್ಲಿ. ಎರಡು ವರ್ಷ, ಫೀಸು ಪೂರ್ತಿ ಮಾಫಿ. ಮೂರು ವರ್ಷದಿಂದ ಅರ್ಜಿ ಹಾಕಿ ಹಾಕಿ ಬೆರಳು ಸವೆದಿತ್ತು ಪಾಪ. ಸೆಪ್ಟೆಂಬರ್ ಒಂದಕ್ಕೆ ಕ್ಲಾಸಲ್ಲಿ ಇರಬೇಕು. ಇಲ್ಲದಿದ್ದರೆ ಸೀಟು ಬೇರೆಯವರಿಗೆ.

"ವೀಸಾ ಒಂದು ಆಗ್ಬಿಟ್ರೆ..." ಅಂದಳು.

"ಅದೇನು ಮಹಾ! ನಾನಿಲ್ವಾ?" ಅಂದೆ.

ನಾನು ವಿಮಾನವನ್ನು ಹತ್ತಿರದಿಂದ ನೋಡಿರುವುದು ಸ್ಟುಡಿಯೋದ ಪರದೆಯ ಮೇಲೆ ಮಾತ್ರ. ಅದಕ್ಕೆ ರೆಕ್ಕೆ ಬಿಡಿಸಿದವನೂ ನಾನೇ.

ಮಾರ್ಚ್ ೧೯

ಕನ್ಸಲ್ಟೆಂಟ್ ಆಫೀಸು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಗೋಡೆ ತುಂಬಾ ನಗುವ ಮಕ್ಕಳು, ಎಲ್ಲರ ತಲೆ ಮೇಲೂ ಒಂದೇ ಕರಿ ಟೋಪಿ. ಪ್ರಿಂಟು ಕಳಪೆ. ಹುಡುಗ ಟೈ ಕಟ್ಟಿದ್ದ, ಫ್ಯಾನ್ ಗಾಳಿಗೆ ಅದು ಅವನ ಬಾಯಿಗೇ ಬಡಿಯುತ್ತಿತ್ತು. ಇನ್ನು ಮೇಲೆ ಅವನ ಹೆಸರು ಟೈ.

ಟೈ ಪಟ್ಟಿ ಕೊಟ್ಟ. ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪತ್ರ, ಆರೋಗ್ಯ ಪರೀಕ್ಷೆ, ಫೋಟೋ. "ಫೋಟೋ ನಮ್ಮಲ್ಲೇ ತೆಗೆಸಿ ಸರ್. ರೂಲ್ಸ್ ಬಹಳ ಇದೆ. ನಗಬಾರದು, ಕಿವಿ ಕಾಣ್ಬೇಕು, ಯಾವ ಥರದ ಎಡಿಟಿಂಗೂ ಮಾಡಿರಬಾರದು."

"ತಮ್ಮಾ, ನೀನು ಹುಟ್ಟೋಕೆ ಮುಂಚೆ ನಾನು ನಿಮ್ಮಪ್ಪನ ಫೋಟೋ ತೆಗೆದಿರ್ತೀನಿ," ಅಂದೆ.

ಮೆಣಸು ನಕ್ಕಳು. ಭಾವ ನಗಲಿಲ್ಲ. ಅವರು ನನ್ನ ಮಾತಿಗೆ ನಕ್ಕರೆ ಅವರ ಹಲ್ಲು ಸವೆಯುತ್ತದೆ.

ಏಪ್ರಿಲ್ ೨

ಫೋಟೋ ತೆಗೆದೆ. ಬಿಳಿ ಪರದೆ ಇಸ್ತ್ರಿ ಹಾಕಿಸಿದ್ದೆ. ಎರಡೂ ಲೈಟು, ಮೇಲೊಂದು ಛತ್ರಿ. ಸ್ಟೂಲ್ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ನಾಲ್ಕು ವರ್ಷದವಳಿದ್ದಾಗಲೂ ಹೀಗೇ.

"ನಗಬೇಡ."

"ನೀವು ಆ ಕಡೆ ತಿರುಗಿ, ಆಗ ನಗಲ್ಲ."

ಹದಿನೇಳು ಬಾರಿ ಒತ್ತಿದೆ. ಒಂದು ಸಿಕ್ಕಿತು. ಅದರಲ್ಲಿ ಅವಳು ನನ್ನನ್ನು ನೋಡುತ್ತಿಲ್ಲ. ಆಗಲೇ ಅಲ್ಲಿಗೆ ಹೋಗಿ ಇಳಿದವಳ ಹಾಗೆ...

ಏಪ್ರಿಲ್ ೩, ಬೆಳಿಗ್ಗೆ ೧೦

ಕಂಪ್ಯೂಟರಿನಲ್ಲಿ ಅವಳ ಮುಖ. ಎಡ ಹುಬ್ಬಿನ ಮೇಲೆ ಗೆರೆ. ಅರ್ಧ ಇಂಚು. ಹುಬ್ಬನ್ನು ಅಲ್ಲಿ ಎರಡು ತುಂಡು ಮಾಡಿದೆ.

ಆ ಗೆರೆ ಎಳೆದವನು ನಾನು. ಅವಳಿಗೆ ನಾಲ್ಕು. ಸೈಕಲ್ ಮುಂದಿನ ಬಾರ್ ಮೇಲೆ ಕೂರಿಸಿಕೊಂಡು, ಬಸ್ ಸ್ಟಾಪಿನಲ್ಲಿದ್ದವರಿಗೆ ಕಾಣಲಿ ಅಂತ ಎರಡೂ ಕೈ ಬಿಟ್ಟೆ. ಜಲ್ಲಿ ರಾಶಿ. ಹುಬ್ಬಿಂದ ರಕ್ತ. ಐಸ್ ಕ್ಯಾಂಡಿ ಕೊಡಿಸಿ, "ನಾನೇ ಮೆಟ್ಟಿಲ ಮೇಲೆ ಬಿದ್ದೆ ಅಂತ ಹೇಳು ಪುಟ್ಟಾ" ಅಂದೆ. ಹೇಳಿದಳು. ಅಕ್ಕ ಮೆಟ್ಟಿಲಿಗೇ ಎರಡು ಏಟು ಹಾಕಿದಳು. ಇಪ್ಪತ್ತು ವರ್ಷದಿಂದ ಮೆಟ್ಟಿಲಿನದೇ ತಪ್ಪು.

ಟೈ ಹೇಳಿದ್ದು ನೆನಪಿತ್ತು. ಇಲ್ಲ ಅಂತ ಇಲ್ಲಿ ಯಾಕೆ ಬರೆಯಲಿ. ಆದರೆ ಇಪ್ಪತ್ತಾರು ವರ್ಷದ ಕೈ. ಮೊಡವೆ ಕಂಡರೆ ಹೋಗುತ್ತದೆ, ಗೆರೆ ಕಂಡರೆ ಹೋಗುತ್ತದೆ. ಪಕ್ಕದ ಚರ್ಮ ಎತ್ತಿ ಇಟ್ಟೆ, ಹುಬ್ಬಿಗೆ ಒಂಬತ್ತು ಕೂದಲು ನೆಟ್ಟೆ. ನಾಲ್ಕು ನಿಮಿಷ. ಹೊಸ ದೇಶಕ್ಕೆ ಹೊಸ ಮುಖ ಹೋಗಲಿ.

ಅದರ ಮೇಲೇ ಸೇವ್ ಮಾಡಿದೆ, ಯಾವಾಗಲೂ ಮಾಡುವ ಹಾಗೆ. ಹಳೆಯದನ್ನು ನಾನು ಇಡುವುದಿಲ್ಲ. ಗಾಯ ಕೂಡಿಟ್ಟು ಏನು ಮಾಡುವುದು.

ಏಪ್ರಿಲ್ ೨೦

ಅದೇ ಫೋಟೋ ದೊಡ್ಡದು ಮಾಡಿಸಿದೆ. ಫ್ರೇಮು. ಬೀದಿಗೆ ಕಾಣುವ ಷೋಕೇಸಿನಲ್ಲಿ, ನಟ್ಟ ನಡುವೆ. ಕೆಳಗೆ ಕೈಯಾರೆ ಬರೆದ ಚೀಟಿ — "ವೀಸಾ ಫೋಟೋ, ಗ್ಯಾರಂಟಿ." ಪಕ್ಕದಲ್ಲಿ ಕೀ ಮಾಡುವವನು ನಿಂತು ನೋಡಿದ. "ಯಾರ್ ಸಾರ್, ಸಿನಿಮಾದೋಳಾ?"

"ನಮ್ಮಕ್ಕನ ಮಗಳು. ವಿದೇಶಕ್ಕೆ ಹೊರಟಿದ್ದಾಳೆ. ಎಲ್ಲಾ ನಾನೇ ಓಡಾಡಿ ಮಾಡ್ಸಿದ್ದು."

ಓಡಾಡಿದ್ದು ಮೂರನೇ ಮಹಡಿಗೆ ಒಂದು ಸಲ.

ಮೇ ೧೪

ಬೆರಳಚ್ಚು ಕೊಡುವ ದಿನ. ಜೊತೆಗೆ ಹೋದೆ. ಒಳಗೆ ಬಿಡಲಿಲ್ಲ. ಎರಡು ಗಂಟೆ ಹೊರಗಿನ ಕಟ್ಟೆ ಮೇಲೆ ಕೂತು, ಅಲ್ಲಿದ್ದ ತಾಯಿ ತಂದೆಯರಿಗೆಲ್ಲ ವೀಸಾದ ಬಗ್ಗೆ ಉಪದೇಶ ಮಾಡಿದೆ. ಒಬ್ಬರು ಬರೆದುಕೊಂಡರು!

ಮೆಣಸು ಹೊರಗೆ ಬಂದು, "ಅಲ್ಲೂ ಒಂದು ಫೋಟೋ ತೆಗೆದ್ರು ಮಾವ. ಎಷ್ಟು ಕೆಟ್ಟದಾಗಿ ಬಂದಿದೆ ಗೊತ್ತಾ!" ಅಂದಳು.

ನಾನೂ ನಕ್ಕೆ. ಆಮೇಲೆ ಕಣ್ಣು ಅವಳ ಎಡ ಹುಬ್ಬಿಗೆ ಹೋಯಿತು. ಆಟೋ ಕರೆದೆ.

ಜೂನ್ ೯, ಮಧ್ಯಾಹ್ನ

ವೀಸಾ ಆಫೀಸಿನಿಂದ ಪತ್ರ ಬಂದಿದೆ. ಎಲ್ಲರೂ ಟೈ ಎದುರು — ಅಕ್ಕ, ಭಾವ, ಮೆಣಸು, ನಾನು. ಅವನು ಓದಿ ಹೇಳಿದ. ಬೆರಳಚ್ಚಿನ ದಿನ ತೆಗೆದ ಫೋಟೋದಲ್ಲಿ ಹುಬ್ಬಿನ ಮೇಲೆ ಗಾಯದ ಗುರುತು ಇದೆ, ಕಳಿಸಿದ ಫೋಟೋದಲ್ಲಿ ಇಲ್ಲ. ತಿದ್ದಿದ್ದರೆ ಹಾಗಂತ ಬರೆದು ಹೊಸ ಫೋಟೋ ಕೊಡಿ. ತಿದ್ದಿಲ್ಲವಾದರೆ ಅರ್ಜಿದಾರಳು ಸಹಿ ಮಾಡಿದ ಹೇಳಿಕೆ, ಫೋಟೋ ತೆಗೆದವರ ಪತ್ರ. ಹತ್ತು ದಿನ.

"ತಿದ್ದಿದ್ರೂ ತೊಂದ್ರೆ ಇಲ್ಲ ಸರ್," ಅಂದ ಟೈ. "ಒಂದು ಸಾಲು ಬರೆದ್ರೆ ಮುಗೀತು."

ಒಂದು ಸಾಲು.

ಭಾವ ಕುರ್ಚಿ ನನ್ನ ಕಡೆ ತಿರುಗಿಸಿದರು. "ಏನಪ್ಪಾ ಕಲಾಸಾಮ್ರಾಟ, ಕೈ ತುರಿಸಿತ್ತಾ? ನಾನು ಮೊದಲೇ ಅಂದೆ, ಈ ಮನುಷ್ಯನ್ನ ನಂಬಬೇಡಿ ಅಂತ. ಉತ್ತರನ ಪೌರುಷ ಒಲೆ ಮುಂದೆ!"

ಬಾಯಿ ನನಗಿಂತ ಮುಂದೆ ಓಡಿತು. "ಏನ್ ಭಾವ ಹೀಗಂತೀರಾ? ವೀಸಾ ಫೋಟೋ ಮುಟ್ಟಬಾರದು ಅನ್ನೋದು ನನಗೆ ಗೊತ್ತಿಲ್ವಾ? ಅದು ಲೈಟಿಂಗು! ಎರಡೂ ಕಡೆ ಬೆಳಕು ಬಿದ್ರೆ ಅಷ್ಟು ಸಣ್ಣ ಗೆರೆ ಕಾಣಲ್ಲ. ನಿಮ್ಮ ಮುಖದ ಸಿಟ್ಟೇ ಕಾಣದ ಹಾಗೆ ತೆಗೆದಿಲ್ವಾ ಮದುವೇಲಿ?"

ಅಕ್ಕ ಕೂಡ ನಕ್ಕಳು. ಮೆಣಸು ನಗಲಿಲ್ಲ. "ಮಾವ, ನಿಜವಾಗ್ಲೂ ಮುಟ್ಟಿಲ್ವಾ?"

"ನಿನ್ನಾಣೆ."

ಬೇರೆ ಯಾರ ಆಣೆಯೂ ಬಾಯಿಗೆ ಬರಲಿಲ್ಲವೇ ಆ ಹೊತ್ತಿಗೆ.

ಜೂನ್ ೧೧

ಫೋಟೋ ತಿದ್ದಿಲ್ಲ ಅಂತ ಪತ್ರ ಬರೆದೆ. ಮುತ್ತು ಪೋಣಿಸಿದ ಅಕ್ಷರ. ಟೈ ಅದನ್ನು ಇಂಗ್ಲಿಷಿಗೆ ಮಾಡಿದ. ಎರಡು ಕಡೆ ಸ್ಟುಡಿಯೋ ಸೀಲು. ಅವಳ ಹೇಳಿಕೆಗೆ ಅವಳು ಸಹಿ ಮಾಡಿದಳು. ಪೆನ್ನು ನಾನೇ ಕೊಟ್ಟೆ.

ಜೂನ್ ೧೫, ಸಂಜೆ ೬

ಇನ್ನೂ ಕಳಿಸಿಲ್ಲ, ಜೊತೆಗೆ ಹೊಸ ಬ್ಯಾಂಕ್ ಪತ್ರವೂ ಬೇಕಂತೆ, ಅದಕ್ಕೆ ಕಾಯುತ್ತಿದ್ದಾರೆ. ಹೇಳಿಬಿಡೋಣ ಅಂತ ಅಕ್ಕನ ಮನೆಗೆ ಹೋದೆ. ದಾರಿಯಲ್ಲಿ ಮಾತು ಕೂಡ ಹೊಂದಿಸಿಕೊಂಡಿದ್ದೆ. "ಅಭ್ಯಾಸಬಲ ಅಕ್ಕಾ, ತಪ್ಪಾಯ್ತು."

ಚಪ್ಪಲಿ ಬಿಡುವ ಮೊದಲೇ ಭಾವ ಎದ್ದು ಬಂದರು. "ಬಾರಪ್ಪ. ಅವತ್ತು ಎಲ್ಲರ ಎದುರು ಹಾಗನ್ನಬಾರದಿತ್ತು. ಅನುಮಾನ ಪಟ್ಟೆ. ಮನಸ್ಸಲ್ಲಿ ಇಟ್ಕೋಬೇಡ."

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಈ ಮಾತು. ನನಗೆ ದೊಡ್ಡ ಕುರ್ಚಿ. ಟೀ ಅವರೇ ತಂದರು.

"ಪರವಾಗಿಲ್ಲ ಭಾವ, ಆಗುತ್ತೆ," ಅಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ!! ಎರಡು ಲೋಟ ಟೀ ಕುಡಿದೆ. ರುಚಿಯಾಗಿತ್ತು, ಅದೇ ಹೇಸಿಗೆ.

ಜೂನ್ ೧೮

ಕಳಿಸಿದರು.

ಜುಲೈ ೨೮

ನಲವತ್ತು ದಿನ ಈ ಪುಸ್ತಕ ತಿರುಗಿಸಲಿಲ್ಲ.

ವೀಸಾ ಇಲ್ಲ ಅಂದಿದ್ದಾರೆ. ಮೆಣಸು ಫೋನಿನಲ್ಲಿ ಓದಿದಳು, ಪಾಠ ಓದುವ ಮಕ್ಕಳ ಹಾಗೆ, ಏರಿಳಿತ ಇಲ್ಲದೆ. ಫೋಟೋ ತಿದ್ದಿರುವುದು ಪರೀಕ್ಷೆಯಿಂದ ತಿಳಿದುಬಂದಿದೆ. ತಿದ್ದಿಲ್ಲ ಅನ್ನುವ ಹೇಳಿಕೆ ಸುಳ್ಳು. ಸುಳ್ಳು ಹೇಳಿಕೆಗಾಗಿ ಐದು ವರ್ಷ ಅರ್ಜಿ ಹಾಕುವಂತಿಲ್ಲ.

ಫೋಟೋಗಲ್ಲ. ಹೇಳಿಕೆಗೆ.

"ಅವರ ಮಷೀನ್ ತಪ್ಪು ಮಾವ," ಅಂದಳು. "ಮೇಲ್ಮನವಿ ಹಾಕ್ತೀನಿ. ನಿಮ್ಮ ಷೋಕೇಸಲ್ಲಿ ದೊಡ್ಡ ಪ್ರಿಂಟ್ ಇದೆಯಲ್ಲ, ಅದರಲ್ಲಿ ಗೆರೆ ಸ್ವಲ್ಪನಾದ್ರೂ ಕಾಣುತ್ತೆ. ಅದೇ ಸಾಕ್ಷಿ. ಶನಿವಾರ ಬರ್ತೀನಿ."

ಮೂರು ತಿಂಗಳಿಂದ ಆ ದಾರಿಯಲ್ಲೇ ಓಡಾಡಿದ್ದಾಳೆ. ಗಾಜಿನಲ್ಲಿ ನಿಲ್ಲಿಸಿದ ತನ್ನ ಮುಖವನ್ನು ಒಮ್ಮೆಯೂ ನಿಂತು ನೋಡಿಲ್ಲ. ನಾಚಿಕೆ ಅವಳಿಗೆ. ನನಗೇ ಇಲ್ಲದ್ದು.

ಜುಲೈ ೩೦, ಬೆಳಿಗ್ಗೆ ೮

ಸ್ಕ್ರೂ ಡ್ರೈವರ್ ತಗೊಂಡು ಹೋದೆ, ಫ್ರೇಮ್ ಬಿಚ್ಚೋಣ ಅಂತ. ಒಂದು ಸ್ಕ್ರೂ ಬಂತು. ಕೀ ಮಾಡುವವನು ಬಾಗಿಲು ಎತ್ತುತ್ತಿದ್ದ. "ಏನ್ ಸಾರ್, ಹುಡುಗಿ ಹೊರಟಳಾ?"

"ಇನ್ನೇನು. ಟಿಕೆಟ್ ನೋಡ್ತಿದ್ದೀವಿ," ಅಂದೆ.

ಸ್ಕ್ರೂ ವಾಪಸ್ ಹಾಕಿದೆ. ಗಾಜು ಒರೆಸಿದೆ.

ಆಗಸ್ಟ್ ೧, ಶನಿವಾರ

ಹನ್ನೊಂದು ಗಂಟೆಗೆ ಬಂದಳು. ಒಳಗೆ ಬರಲಿಲ್ಲ. ನಾನು ಕೌಂಟರಿನ ಹಿಂದೆ, ಷೋಕೇಸಿನ ಬೆನ್ನಿನ ಕಡೆ. ಫ್ರೇಮಿನ ರಟ್ಟು, ಅದರ ಅಂಚಿನಾಚೆ ಅವಳ ಅರ್ಧ ಮುಖ.

ಮೂಗು ಗಾಜಿಗೆ ತಾಕುವಷ್ಟು ಹತ್ತಿರ ನಿಂತಳು. ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಆಮೇಲೆ ಕೈ ಎತ್ತಿ ಹುಬ್ಬು ಮುಟ್ಟಿಕೊಂಡಳು. ತನ್ನದು. ಗೆರೆ ಇದೆಯೋ ಇಲ್ಲವೋ ಅಂತ ನೋಡುವವಳ ಹಾಗೆ, ಬೆರಳಿಂದ, ಎರಡು ಸಲ.

ಒಬ್ಬ ಗಿರಾಕಿ ಅರ್ಜಿಗೆ ಅಂಟಿಸುವ ಫೋಟೋ ಕೇಳುತ್ತಿದ್ದ. ಏನು ಕೊಟ್ಟೆನೋ ಗೊತ್ತಿಲ್ಲ. ತಲೆ ಎತ್ತಿದರೆ ಗಾಜಿನ ಮೇಲೆ ಅವಳ ಉಸಿರಿನ ಮಂಜು. ಅಷ್ಟೇ.

ಆಗಸ್ಟ್ ೨
ಆಗಸ್ಟ್ ೩
ಆಗಸ್ಟ್ ೪

ತಾರೀಖು ಬರೆಯುವುದು ಸುಲಭ.

ಆಗಸ್ಟ್ ೧೨, ಮಧ್ಯಾಹ್ನ ೩

ಬಂದಳು. ಸ್ಟೂಲ್ ಮೇಲೆ ಕೂತಳು. ಕಾಲು ಆಡಿಸಲಿಲ್ಲ.

"ಐಡಿ ಕಾರ್ಡಿಗೆ ಫೋಟೋ ಬೇಕು ಮಾವ."

ಶ್ರವಣಯಂತ್ರ ಮಾರುವ ಅಂಗಡಿಯಲ್ಲಿ ಕೆಲಸವಂತೆ. ಸೋಮವಾರದಿಂದ. ಕಿವಿ ಕೇಳದವರಿಗೆ ಮಾತು ಕಲಿಸಲು ಹೊರಟವಳು, ಬ್ಯಾಟರಿ ಹೇಗೆ ಹಾಕುವುದು ಅಂತ ಕಲಿಸುತ್ತಾಳೆ.

"ಮೇಲ್ಮನವಿ..."

"ಹಾಕಲಿಲ್ಲ. ಏನಂತ ಹಾಕ್ಲಿ?"

ಲೈಟು ಹಾಕಿದೆ. ಬೈಯಲಿ ಅಂತ ಕಾದೆ. ಬೈದಿದ್ದರೆ ಏನಾದರೂ ಎದುರು ಹೇಳುತ್ತಿದ್ದೆ, ನನಗೆ ಅದು ಬರುತ್ತದೆ. ಅವಳು ಕ್ಯಾಮೆರಾವನ್ನೇ ನೋಡುತ್ತಿದ್ದಳು. ರೂಲ್ಸ್ ಪ್ರಕಾರ ಕೂತಿದ್ದಳು. ಕಿವಿ ಕಾಣುವ ಹಾಗೆ, ನಗದೆ.

"ಅಕ್ಕನಿಗೆ..." ಅಂದೆ.

"ಹೇಳಿಲ್ಲ. ಮಷೀನ್ ತಪ್ಪು ಅಂದಿದ್ದೀನಿ. ಅಪ್ಪ ಆ ದೇಶಕ್ಕೇ ಬೈತಾ ಕೂತಿದ್ದಾರೆ." ಬೆರಳಿಂದ ಹುಬ್ಬು ಸವರಿಕೊಂಡು, "ಆಗಲೂ ಹೇಳಿರಲಿಲ್ಲ ಅಲ್ವಾ," ಅಂದಳು.

ನೆನಪಿದೆ ಅವಳಿಗೆ. ನಾಲ್ಕು ವರ್ಷದ ಮಗುವಿಗೆ ಏನು ನೆನಪಿರುತ್ತೆ ಅಂತ ಇಪ್ಪತ್ತು ವರ್ಷ ಹಾಯಾಗಿದ್ದೆ.

"ಷೋಕೇಸಿಂದ ತೆಗೆದುಬಿಡ್ತೀನಿ ಅದನ್ನ. ಈಗಲೇ."

"ಬೇಡ. ಅಮ್ಮ ದಿನಾ ಬಸ್ಸಲ್ಲಿ ಈ ದಾರೀಲೇ ಹೋಗೋದು. ಯಾಕೆ ತೆಗೆದೆ ಅಂತ ಕೇಳ್ತಾಳೆ. ಏನ್ ಹೇಳ್ತೀರಿ?" ಎದ್ದಳು. "ಇದಕ್ಕೆ ಬೇಕಾದ್ರೆ ಗೆರೆ ತೆಗೀರಿ ಮಾವ. ಇಲ್ಲಿ ಯಾರೂ ಪರೀಕ್ಷೆ ಮಾಡಲ್ಲ."

ಅವಳು ಹೋದ ಮೇಲೆ ಕಂಪ್ಯೂಟರಿನಲ್ಲಿ ತೆರೆದೆ. ಗೆರೆ ಅಲ್ಲೇ ಇತ್ತು, ಹುಬ್ಬು ಎರಡು ತುಂಡು. ಮುಟ್ಟಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮುಟ್ಟದೆ ಪ್ರಿಂಟ್ ಹಾಕಿದ್ದು ಇದೊಂದೇ. ಅದರ ಬಗ್ಗೆಯೂ ಎದೆಯಲ್ಲಿ ಒಂದು ಹೆಮ್ಮೆ ಎದ್ದಿತು. ಎಂಥಾ ಜನ್ಮ ಇದು.

ಆಗಸ್ಟ್ ೩೦

ನಾಡಿದ್ದು ಅಕ್ಕನ ಮನೆಗೆ ಹೋಗಿ ಹೇಳುವುದು. ಜಲ್ಲಿ ರಾಶಿಯಿಂದ ಹಿಡಿದು. ಬರೆದಿಟ್ಟಿದ್ದೇನೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಸೆಪ್ಟೆಂಬರ್ ೧, ಬೆಳಿಗ್ಗೆ ೯

ಅಲ್ಲಿ ಕ್ಲಾಸು ಶುರು. ಅವಳು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದಳು, ಕೊರಳಲ್ಲಿ ಐಡಿ ಕಾರ್ಡು. ಇಲ್ಲಿಂದಲೇ ನೋಡಿದೆ.

ಹೊರಡಬೇಕು. ಬಾಗಿಲು ಎಳೆಯಲು ಎದ್ದಾಗಲೇ ಒಬ್ಬರು ಬಂದರು. ನನ್ನ ವಯಸ್ಸಿನವರು, ಬಗಲಲ್ಲಿ ಫೈಲು, ಹಿಂದೆ ಮಗಳು. ಫೈಲಿನ ಮೇಲೆ ಟೈ ಆಫೀಸಿನ ಹೆಸರು.

"ವೀಸಾ ಫೋಟೋ ಗ್ಯಾರಂಟಿ ಅಂತ ಬರೆದಿದ್ದೀರಲ್ಲ, ನೋಡಿ ಬಂದ್ವಿ." ಷೋಕೇಸಿನ ಕಡೆ ಕೈ ಮಾಡಿದರು. "ಬಹಳ ಚೆನ್ನಾಗಿದೆ. ಇವರದೂ ವೀಸಾ ಫೋಟೋನೇನಾ?"

"ಹೌದು."

"ಆಯ್ತಾ ಇವರಿಗೆ? ಈಗ ಎಲ್ಲಿದ್ದಾರೆ?"

ಮಗಳ ಗದ್ದದ ಮೇಲೆ ಒಂದು ಮಚ್ಚೆ. ಕೈ ಆಗಲೇ ತುರಿಸುತ್ತಿತ್ತು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಸ್ಟೂಲ್ ಮುಂದಕ್ಕೆ ಎಳೆದು, "ಆಯ್ತಲ್ಲ. ಇವತ್ತೇ ಅಲ್ಲಿ ಕ್ಲಾಸು ಶುರು," ಅಂದೆ.