ಐವತ್ತೆರಡು ಕುದುರೆ ಎಂದು ಬರೆದವರಿಗೆ

ಗದಗ, ಎರಡನೆಯ ಫಾಲ್ಗುಣದ ಮೂವತ್ತಮೂರನೇ ದಿನ,
ಒಪ್ಪಂದದ ನೂರಾ ಎಂಬತ್ತನೇ ವರ್ಷ

ಮಾನ್ಯರೇ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ಈ ಭಾಷೆ ನಿಮ್ಮನ್ನು ಬಿಟ್ಟು ಬಹಳ ಕಾಲ ಬೇರೆಯವರ ಬಾಯಲ್ಲಿ ಇದ್ದು ಬಂದಿದೆ, ಮನ್ನಿಸಬೇಕು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಒಂದು ಮೋಟರ್‌ಸೈಕಲ್ಲಿನ ಬಗ್ಗೆ ಒಂದು ಪುಟ ಬರೆದಿರಿ, ಅಥವಾ ಇನ್ನು ಬರೆಯಲಿದ್ದೀರಿ. ಕಂಪನಿಯ ಹೆಸರಿದ್ದ ಮೂಲೆ ಹರಿದುಹೋಗಿದೆ. ಉಳಿದ ಭಾಗದಲ್ಲಿ ಕೆಸರು ಹಾರಿಸುತ್ತ ನೆಲ ಬಿಟ್ಟೆದ್ದ ಗಾಡಿಯ ಚಿತ್ರವಿದೆ, ಅದರ ಕೆಳಗೆ ಎರಡು ಸಾಲು. "ಏರಿ ಕೂತರೆ ಸಾಕು, ಗಾಳಿಯೇ ನಿಮ್ಮನ್ನು ದಾರಿ ಕೇಳುತ್ತದೆ." ಅದಾದ ಮೇಲೆ, "ಐವತ್ತೆರಡು ಕುದುರೆಗಳ ಬಲ."

ನಾನು ಇಲ್ಲಿನ ಅಳತೆಮನೆಯಲ್ಲಿ ಹದಗಾರ. ಹಳೆಯ ಎಂಜಿನುಗಳನ್ನು ಹದಕ್ಕೆ ತರುವವನನ್ನು ನಾವು ಹಾಗೆ ಕರೆಯುತ್ತೇವೆ. ನಮ್ಮ ನೆಲದಲ್ಲಿ ಭಾರವಾದ ಒಂದು ಉಕ್ಕಿನ ಉರುಳೆ ಹೂತಿದೆ. ಗಾಡಿಯ ಹಿಂದಿನ ಚಕ್ರವನ್ನು ಅದರ ಮೇಲಿಟ್ಟು, ಮುಂದಿನದನ್ನು ಪಟ್ಟಿಯಿಂದ ಬಿಗಿದು, ಆಕ್ಸಿಲರೇಟರನ್ನು ಪೂರ್ತಿ ತಿರುವುತ್ತೇವೆ. ಗಾಡಿ ಎಲ್ಲಿಗೂ ಹೋಗುವುದಿಲ್ಲ. ಉರುಳೆ ಎಷ್ಟು ಬೇಗ ವೇಗ ಹಿಡಿಯಿತು ಎಂಬುದರಿಂದ ಬಲ ಲೆಕ್ಕವಾಗಿ, ಎದುರಿನ ಗೋಡೆಯ ಮೇಲೆ ಒಂದು ಗೆರೆಯಾಗಿ ಏರುತ್ತದೆ. ನಿಮ್ಮಲ್ಲೂ ಇದು ಇತ್ತು, ಡೈನೋ ಎನ್ನುತ್ತಿದ್ದಿರಂತೆ. ನಮ್ಮ ಬೀದಿಗಳ ಗಾಡಿಗಳಿಗೆ ಸದ್ದಿಲ್ಲ, ಮೊದಲ ಸಲ ಎಂಜಿನಿನ ಸದ್ದು ಕೇಳಿದ ಮಕ್ಕಳು ಅಳುತ್ತವೆ. ವರ್ಷಕ್ಕೆ ಒಂದೇ ಒಂದು ಹೊಗೆದಿನ. ಅಂದು "ಜೀವಂತ" ಎಂದು ಮುದ್ರೆ ಬಿದ್ದ ಹಳೆಯ ಯಂತ್ರಗಳು ಊರಾಚೆಯ ಕಲ್ಲುಗಣಿಯ ಗುಡ್ಡವನ್ನು ಹತ್ತಬಹುದು. ಜೋಳದ ದಂಟಿನಿಂದ ಬಸಿದ ಇಂಧನಕ್ಕೆ ಔಡಲ ಎಣ್ಣೆ ಬೆರೆಸಿ ತಲೆಗೊಂದು ಟ್ಯಾಂಕು ಹಂಚುತ್ತಾರೆ. ಇಲ್ಲಿ ಎಲ್ಲವೂ ಹಂಚಿಕೆ. ಮಾರುವುದು, ಕೊಳ್ಳುವುದು ನನ್ನ ಮುತ್ತಜ್ಜನ ಕಾಲಕ್ಕೇ ನಿಂತುಹೋಯಿತು. ಈ ಮಾತನ್ನು ನೀವು ದಯವಿಟ್ಟು ನೆನಪಿಡಬೇಕು.

ನನ್ನ ಸೋದರತ್ತೆ ನೀಲಗಂಗವ್ವ ಎಪ್ಪತ್ತು ದಾಟಿದವಳು. ಆಕೆಯ ಗಾಡಿ ನಿಮ್ಮ ಪುಟದಲ್ಲಿರುವುದೇ, ಟೂ-ಸ್ಟ್ರೋಕ್. ಕೆಳಗಿನ ವೇಗದಲ್ಲಿ ಸೋಮಾರಿಯ ಹಾಗೆ ಗೊಣಗುವ ಆ ಎಂಜಿನು ಒಂದು ಹಂತ ದಾಟಿದ ಕೂಡಲೇ ಬೇರೆಯದೇ ಪ್ರಾಣಿಯಾಗಿ ಮುಂಗಾಲು ಎತ್ತುತ್ತದೆ. ಆ ಹಂತ ಎಲ್ಲಿದೆ ಎಂಬುದು ಆಕೆಯ ಮಣಿಕಟ್ಟಿಗೆ ಗೊತ್ತು. ಈ ವರ್ಷ ಸೊಂಟ ತಡೆದೀತು, ಮುಂದಿನ ವರ್ಷದ್ದು ಹೇಳಲಾರೆ ಎಂದು ಆಕೆಯೇ ಅಂದಿದ್ದಳು. ಇನ್ನೊಂದು ಸಲ ಗುಡ್ಡ ಹತ್ತಬೇಕು, ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ಈ ವರ್ಷ ಮೂಲಬಲ ಎಂಬ ಹೊಸ ನಿಯಮ ಬಂತು. ಯಂತ್ರಕ್ಕೆ ಹುಟ್ಟಿದಾಗ ಎಷ್ಟು ಬಲವಿತ್ತೋ ಅಷ್ಟನ್ನು ಉರುಳೆಯ ಮೇಲೆ ತೋರಿಸಬೇಕು. ತೋರಿಸದಿದ್ದರೆ ಸಿಲಿಂಡರಿನೊಳಗೆ ರಾಳ ಎರೆದು, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಬಿಡುತ್ತಾರೆ. ಹುಟ್ಟಿದಾಗ ಎಷ್ಟಿತ್ತು ಎಂದು ತಿಳಿಯುವುದು ಹಿರಿಯರ ಕಾಗದದಿಂದ, ಅಂದರೆ ನಿಮ್ಮವರು ಅಚ್ಚು ಹಾಕಿಸಿದ್ದರಿಂದ. ನಿಮ್ಮ ಕಾಲದ ಕಾಗದ ಹೆಚ್ಚು ಉಳಿದಿಲ್ಲ. ಉಳಿದದ್ದೆಲ್ಲ ನಮಗೆ ಸಾಕ್ಷಿ. ಮುಟ್ಟುವ ಮುಂಚೆ ಕೈ ತೊಳೆದುಕೊಳ್ಳುತ್ತೇವೆ.

ಅತ್ತೆಯ ಗಾಡಿ ಉರುಳೆಯ ಮೇಲೆ ನಲವತ್ತಾರು ತೋರಿಸಿತು. ಎಂಜಿನಿನಲ್ಲಿ ಯಾವ ದೋಷವೂ ಇರಲಿಲ್ಲ. ಪ್ಲಗ್ ಬಿಚ್ಚಿ ನೋಡಿದೆ, ಕಾಫಿಪುಡಿಯ ಬಣ್ಣ. ಇದಕ್ಕಿಂತ ಒಳ್ಳೆಯ ಹದ ನನಗೆ ಗೊತ್ತಿಲ್ಲ. ಪರೀಕ್ಷಕ ಗುರುಪಾದಪ್ಪ ಕೆಟ್ಟ ಮನುಷ್ಯನಲ್ಲ, ಆತನಿಗೂ ಬೇಸರವಾಯಿತು.

"ಆರು ಕಮ್ಮಿ ಬಿತ್ತಲ್ಲರೀ, ನೀಲಗಂಗವ್ವಾರ."

"ಯಾವುದಕ್ಕ ಕಮ್ಮಿ? ಗುಡ್ಡಕ್ಕ ಇಷ್ಟು ದಿವಸ ಸಾಕಾಗೇತಿ."

"ಕಾಗದದಾಗ ಐವತ್ತೆರಡು ಐತ್ರಿ."

ಅತ್ತೆ ನಿಮ್ಮ ಪುಟದ ಮೇಲೆ ಬಗ್ಗಿ, ಎರಡೂ ಸಾಲನ್ನು ಗಟ್ಟಿಯಾಗಿ ಓದಿದಳು.

"ಗುರುಪಾದಪ್ಪಾರ, ಗಾಳಿ ನಿಮ್ಮನ್ನ ಯಾವತ್ತರ ದಾರಿ ಕೇಳೇತೇನ್ರಿ?"

"ಅದು ಕಾವ್ಯ ಬಿಡ್ರಿ."

"ಮ್ಯಾಲಿಂದು ಕಾವ್ಯ, ಕೆಳಗಿಂದು ಲೆಕ್ಕ? ಎರಡೂ ಒಂದ ಕೈ ಬರದದ್ದಲ್ಲೇನು?"

"ಲೆಕ್ಕದಾಗ ಯಾಕ ಸುಳ್ಳು ಬರೀತಾರವ್ವಾ? ಅದರಿಂದ ಯಾರಿಗೆ ಏನ್ ಬರ್ತೈತಿ?"

ಆತ ನಿಜವಾಗಿಯೂ ತಿಳಿಯದೆ ಕೇಳಿದ. ಅತ್ತೆ ನನ್ನ ಕಡೆ ತಿರುಗಿ, ಹದ ಬದಲಿಸಿ ಇನ್ನೊಂದು ಸಲ ಅಳೆಯೋಣ ಎಂದಳು.

ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ತುಸು ಮಸೆದೆ. ಕಿಡಿ ಇನ್ನಷ್ಟು ಮುಂಚೆ ಹಾರುವಂತೆ ಮಾಡಿದೆ. ಕಾರ್ಬ್ಯುರೇಟರಿನಲ್ಲಿ ಜೆಟ್ ಎಂಬ ತೂತಿನ ಹಿತ್ತಾಳೆ ತುಂಡು ಇರುತ್ತದೆ, ಇಂಧನ ಅದನ್ನು ದಾಟಿಯೇ ಹೋಗಬೇಕು. ತೂತು ಕಿರಿದಾದರೆ ಇಂಧನ ಕಡಿಮೆ, ಬೆಂಕಿ ಚುರುಕು. ಆದರೆ ಈ ಎಂಜಿನಿಗೆ ಎಣ್ಣೆಯೂ ಇಂಧನದ ಜೊತೆಗೇ ಬರುವುದರಿಂದ, ಒಂದು ಕಡಿಮೆಯಾದರೆ ಇನ್ನೊಂದೂ ಕಡಿಮೆ. ಆಗ ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅತಿ ಹೆಚ್ಚು ಬಲ ಸಿಗುವ ಜಾಗ, ಎಂಜಿನು ಸಾಯುವ ಜಾಗದ ಪಕ್ಕದ ಮನೆ. ಕಿರಿದಾದ ಜೆಟ್ಟಿಗೆ ಐವತ್ತು ಬಂತು. ಅತಿ ಕಾವಿಗೆ ಪ್ಲಗ್ ಬಿಳಿಚಿಕೊಂಡಿತ್ತು.

"ಸಾಕು ಅತ್ತಿ," ಎಂದೆ. "ಇನ್ನೂ ಸಣ್ಣದು ಹಾಕಿದ್ರ ಕಚ್ಚತೈತಿ."

"ಹಾಕದಿದ್ರ?"

"ರಾಳ."

"ಹಂಗಾದ್ರ ಹಾಕಪ್ಪಾ. ಬಾಯಾಗ ರಾಳ ಹುಯ್ಸ್ಕೊಂಡು ಗಾಜಿನ್ಯಾಗ ನಿಂದ್ರೂದಕ್ಕಿಂತ ಓಡಿ ಸಾಯೂದು ಚಲೋ. ಯಾರಿಗ್ಗೊತ್ತು, ಗುಡ್ಡದ ತನಕಾ ತಡದರೂ ತಡದೀತು."

ಇನ್ನೂ ಸಣ್ಣ ಜೆಟ್ ಹಾಕಿದೆ. ಆಕೆಯೇ ಏರಿ ಕೂತಳು. ಗೆರೆ ಮೊದಲು ಅಡ್ಡಾಡಿತು, ಆಮೇಲೆ ಗೋಡೆಯ ಮೇಲೆ ನೆಟ್ಟಗೆ ಎದ್ದಿತು. ಐವತ್ತೆರಡನ್ನು ಮುಟ್ಟಿತು. ಮುಟ್ಟಿದ್ದನ್ನು ನಾವೆಲ್ಲ ನೋಡಿದೆವು. ಮರುಕ್ಷಣ ಒಂದು ಚೀರು, ಕಟ್ಟಿಹಾಕಿದ ಹಾಗೆ ನಿಂತ ಹಿಂಚಕ್ರ, ಸುಟ್ಟ ರಬ್ಬರಿನ ವಾಸನೆ. ಅತ್ತೆ ತಟ್ಟನೆ ಕ್ಲಚ್ ಹಿಡಿದಳು, ಇಲ್ಲದಿದ್ದರೆ ಕೈಕಾಲು ಉಳಿಯುತ್ತಿರಲಿಲ್ಲ.

"ಬಂತ್ರೀ! ಐವತ್ತೆರಡು ಬಂತು!" ಎಂದು ಗುರುಪಾದಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. ತಂತಿ ಸುತ್ತಿ, ಸೀಸದ ಮುದ್ರೆ ಒತ್ತಿದ. ಜೀವಂತ. ಮುದ್ರೆ ಬಿದ್ದ ಎಂಜಿನನ್ನು ಇನ್ನು ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಅದು ಮೂಲವಲ್ಲ, ಮೂಲವಲ್ಲದ್ದಕ್ಕೆ ರಾಳ.

ಅತ್ತೆ ಕಿಕ್ಕರಿನ ಮೇಲೆ ನಿಂತಳು. ಅದು ಅಲುಗಲಿಲ್ಲ.

"ಇದಕ್ಕ ಜೀವ ಐತೇನ್ರಿ?"

"ಮುದ್ರಿ ಬಿದ್ದೈತಲ್ಲವ್ವಾ."

"ಹಂಗಾದ್ರ ನನಗೂ ಒಂದು ಹೊಡದುಬಿಡ್ರಿ. ಸತ್ತ ಮ್ಯಾಲೂ ಹಂಚಿಕಿ ಬರ್ಲಿ."

ಆತ ನಕ್ಕ. ಆಕೆ ನಗಲಿಲ್ಲ.

ಆಮೇಲೆ ನಾನು ಕೂತು ಯೋಚಿಸಿದೆ. ಇಂಥವೇ ಗಾಡಿಗಳು ಬೇರೆ ಊರುಗಳಿಂದಲೂ ನಮ್ಮಲ್ಲಿಗೆ ಬಂದಿದ್ದವು. ಹದವಾಗಿದ್ದಾಗ ಎಲ್ಲವೂ ನಲವತ್ತಾರರ ಆಸುಪಾಸಿನಲ್ಲೇ ನಿಂತವು, ಅದರಾಚೆ ಹೋದವು ಕಚ್ಚಿಕೊಂಡವು. ಮುಪ್ಪು ಎಂದುಕೊಂಡಿದ್ದೆವು. ಎಲ್ಲವೂ ಒಂದೇ ಅಳತೆಯಲ್ಲಿ ಮುದಿಯಾಗುವುದು ಹೇಗೆ? ಹಿರಿಯರ ಕಾಗದದ ಉಳಿದ ಹಾಳೆಗಳನ್ನು ತೆಗೆಸಿ ಓದಿದೆ. ಹಚ್ಚಿದರೆ ಕೂದಲು ನೆಲ ಮುಟ್ಟುವ ಎಣ್ಣೆ, ಬಳಿದರೆ ಮನೆಗೆ ಸುಖ ತರುವ ಸುಣ್ಣ. ಎಲ್ಲದರಲ್ಲೂ ನಿಮ್ಮದೇ ದನಿ. ನೀವು ಸುಳ್ಳುಗಾರರಲ್ಲ ಎಂದು ನನಗೆ ಅನ್ನಿಸುತ್ತದೆ. ಯಾರೋ ಚಕ್ರಕ್ಕೆ ಮುಟ್ಟುವ ಬಲ ಬಿಟ್ಟು, ಅದಕ್ಕಿಂತ ಹೆಚ್ಚಿರುವ ಎಂಜಿನಿನ ಬಲ ಹೇಳಿದರು, ಇನ್ಯಾರೋ ಅದಕ್ಕೆ ಒಂದೆರಡು ಸೇರಿಸಿದರು, ನೀವು ಚಹಾ ಕುಡಿಯುತ್ತ ಅದನ್ನು ಬರೆದಿರಿ. ಓದುವವರು ಸಂತೆ ಕಂಡವರು, ತಲೆಯಲ್ಲೇ ಒಂದಿಷ್ಟನ್ನು ಕಳೆದು ಓದುತ್ತಾರೆ ಎಂದು ನಿಮಗೆ ಭರವಸೆಯಿತ್ತು. ನಿಮ್ಮ ಕೊನೆಯ ಓದುಗರು ಯಾವತ್ತೂ ಏನನ್ನೂ ಕೊಳ್ಳದ ಜನ ಆಗಿರುತ್ತಾರೆಂದು ನಿಮಗೆ ಹೇಗೆ ತಿಳಿಯಬೇಕು? ಆದರೂ ನಿಮ್ಮನ್ನು ಕ್ಷಮಿಸಲು ನನಗೆ ಮನಸ್ಸಾಗುತ್ತಿಲ್ಲ. ನಮ್ಮನ್ನೂ.

ನಾಳೆ ಹೊಗೆದಿನ. ಜೀವಂತ ಯಂತ್ರದ ಒಡತಿ ಗಾಡಿಯ ಸಮೇತ ಗುಡ್ಡದ ಬುಡದಲ್ಲಿ ಹಾಜರಿರಲೇಬೇಕು, ಹೆಸರು ಕೂಗಿದಾಗ ಹತ್ತಲೇಬೇಕು. "ನೀ ಹಿಂದಿಂದ ನೂಕು, ನಾ ಹ್ಯಾಂಡಲ್ ಹಿಡೀತೀನಿ" ಎಂದಿದ್ದಾಳೆ ಅತ್ತೆ. ನೂಕುತ್ತೇನೆ. ಎಲ್ಲಿಯವರೆಗೆ ಆಗುತ್ತದೋ ಅಲ್ಲಿಯವರೆಗೆ. ಜನ ಇಕ್ಕೆಲಗಳಲ್ಲಿ ನಿಂತು, ಮುದ್ರೆಗೆ ಗೌರವ ಕೊಟ್ಟು, ಸುಮ್ಮನೆ ನೋಡುತ್ತಾರೆ.

ನೀವು ಆ ಪುಟವನ್ನು ಇನ್ನೂ ಬರೆದಿರದಿದ್ದರೆ ಒಂದು ಬೇಡಿಕೆ. ಗಾಳಿಯ ಸಾಲು ಹಾಗೇ ಇರಲಿ, ಅದರಿಂದ ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅದರ ಕೆಳಗೆ ನಲವತ್ತಾರು ಎಂದು ಬರೆಯಿರಿ.

ಇತಿ,
ಶಿದ್ಲಿಂಗ, ಹದಗಾರ