ಕವರಿನಿಂದ ಹೊರಬಾರದ ಶಾಲು

ಮಾನ್ಯ ಆರೋಗ್ಯ ಜಾಗೃತಿ ಸಮಿತಿಯ ಸಂಚಾಲಕರೇ,

ಅಲ್ ಮುಂತಜಾ ಬಡಾವಣೆಯ ನಮ್ಮ ಕಟ್ಟಡದ ಸೆಕ್ಯುರಿಟಿ ಕ್ವಾಬೆನಾನನ್ನು ‘ನಿವಾಸಿಗಳ ಆರೋಗ್ಯದ ಹಿತದೃಷ್ಟಿಯಿಂದ’ ಕೂಡಲೇ ತೆಗೆಯಬೇಕೆಂದು ತಾವು ಗಲ್ಫಿನ ನಮ್ಮ ಕರಾವಳಿ ಸಂಘದ ಲೆಟರ್‌ಹೆಡ್ಡಿನಲ್ಲಿ ಅವನ ಕಂಪೆನಿಗೆ ಬರೆದಿದ್ದೀರಿ. ಆ ಪತ್ರವನ್ನು ಹಿಂದಕ್ಕೆ ಪಡೆಯಬೇಕು. ನನ್ನ ಅಹವಾಲು ಇಷ್ಟೇ. ಆದರೆ ಇಷ್ಟನ್ನೇ ಬರೆದರೆ ತಾವು ಓದಿ ಮಡಚಿ ಕಿಸೆಗೆ ಹಾಕುತ್ತೀರಿ. ಆದ್ದರಿಂದ ಉದ್ದಕ್ಕೆ ಬರೆದು ನನ್ನ ಕೆಫೆಟೇರಿಯಾದ ಗಾಜಿಗೆ ಅಂಟಿಸಿದ್ದೇನೆ, ಸಂಘದ ವಾಟ್ಸಾಪ್ ಗುಂಪಿಗೂ ಹಾಕಿದ್ದೇನೆ.

ಕಂಪೆನಿಗೆ ಬರೆದ ಆ ಪತ್ರದ ಒಂದು ಪ್ರತಿಯನ್ನು ನೆಲಮಹಡಿಯಲ್ಲಿ ಚಹಾ ಮಾರುವ ನನಗೂ ಕಳಿಸಿ, ಅಡಿಯಲ್ಲಿ ಒಂದು ಸಾಲು ಸೇರಿಸಿದ್ದೀರಿ: ‘ಸದರಿ ವ್ಯಕ್ತಿಗೆ ಪ್ರತ್ಯೇಕ ಲೋಟ ಇಡತಕ್ಕದ್ದು.’ ಅಲ್ಲ ಮಾರಾಯ್ರೆ, ನಾನು ಕರಕ್ ಚಹಾ ಕೊಡುವುದು ಕಾಗದದ ಕಪ್ಪಿನಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಕಪ್ಪು, ಕುಡಿದಾದ ಮೇಲೆ ಕಸದ ಬುಟ್ಟಿಗೆ. ತಾವು ಹನ್ನೆರಡು ವರ್ಷದಿಂದ ನನ್ನಲ್ಲಿ ಕುಡಿಯುತ್ತಿರುವುದೂ ಪ್ರತ್ಯೇಕ ಲೋಟದಲ್ಲೇ. ತಮಗೆ ಏನು ಕಾಯಿಲೆ ಎಂದು ನಾನು ಒಮ್ಮೆಯಾದರೂ ಕೇಳಿದ್ದುಂಟೇ?

ಇದೆಲ್ಲ ಶುರುವಾದದ್ದು ಡಿಸೆಂಬರಿನ ಆ ಶುಕ್ರವಾರ, ಮದೀನತ್ ಖಲೀಫಾದ ವಿಲ್ಲಾದಲ್ಲಿ ತಾವು ನಡೆಸಿದ ಏಡ್ಸ್ ಜಾಗೃತಿ ಕಾರ್ಯಕ್ರಮದಲ್ಲಿ. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಎಂದು ಒಂದೂವರೆ ಗಂಟೆ ಮಾತು ನಡೆಯಿತು. ರೋಗದ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ‘ಆ ಕಾಯಿಲೆ’ ಎಂದರು, ‘ಅಂಥದ್ದು’ ಎಂದರು. ತಾವಂತೂ ‘ಅದು’ ಎಂದು ಹೇಳಿ ನೀರು ಕುಡಿದಿರಿ. ಅಷ್ಟರಲ್ಲಿ ಬರಬೇಕಿದ್ದ ಡಾಕ್ಟರು ಬರುವುದಿಲ್ಲವೆಂದು ಫೋನು ಬಂತು. ಸ್ಮರಣಿಕೆ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮೇಜಿನ ಮೇಲೆ ಸಿದ್ಧ, ಸನ್ಮಾನಕ್ಕೆ ಮನುಷ್ಯನೇ ಇಲ್ಲ. ತಾವು ಬೆವರಿ ನನ್ನ ಹತ್ತಿರ ಓಡಿ ಬಂದು, "ಜಲೀಲಾಕ, ಯಾರಾದ್ರೂ ಇದ್ದಾರಾ?" ಎಂದಿರಿ. ಕುರ್ಚಿ ಜೋಡಿಸಲು ನನ್ನ ಜೊತೆ ಬಂದಿದ್ದ ಕ್ವಾಬೆನಾನನ್ನು ತೋರಿಸಿದ್ದು ನಾನು. ಪಶ್ಚಿಮ ಆಫ್ರಿಕದ ಘಾನಾದಲ್ಲಿ ಅವನು ಒಂಬತ್ತು ವರ್ಷ ಹಳ್ಳಿ ಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ ಇದನ್ನೇ ಹೇಳಿಕೊಟ್ಟವನು. ಹಾಗಾಗಿ ಈಗ ಅವನಿಗೆ ಬಂದಿರುವ ತೊಂದರೆಯಲ್ಲಿ ನನ್ನದೂ ಪಾಲು ಉಂಟು.

ಅವನು ಮೈಕ್ ಹಿಡಿದ ಎರಡೇ ನಿಮಿಷದಲ್ಲಿ ಎಚ್‌ಐವಿ ಎಂಬ ಪದವನ್ನು ಹನ್ನೊಂದು ಸಲ ಹೇಳಿದ. ಆಮೇಲೆ ಸನ್ಮಾನದ ಬುಟ್ಟಿಯಿಂದ ಒಂದು ಬಾಳೆಹಣ್ಣು ಎತ್ತಿಕೊಂಡು, ಕಿಸೆಯಿಂದ ಸಣ್ಣ ಪೊಟ್ಟಣ ತೆಗೆದು, ಅದನ್ನು ತೊಡಿಸುವುದು ಹೇಗೆಂದು ತೋರಿಸತೊಡಗಿದ. ಮುಂದಿನ ಸಾಲಿನ ಗಂಡಸರಿಗೆಲ್ಲ ಒಂದೇ ಹೊತ್ತಿಗೆ ಊರಿನಿಂದ ಫೋನು ಬಂತು. ಅವನ ಇಂಗ್ಲಿಷನ್ನು ಕನ್ನಡ ಮಾಡುತ್ತಿದ್ದ ಅಮಿತಾ ಮೇಡಂ ತಾರಸಿ ನೋಡುತ್ತಾ, "ದಿನಾ ಹಣ್ಣು ತಿನ್ನಬೇಕು ಅಂತ ಹೇಳ್ತಾ ಇದ್ದಾರೆ" ಎಂದರು.

ತಮಾಷೆ ಅಲ್ಲಿಗೆ ಇರಲಿ. ಅವನು ಮುಂದೆ ಹೇಳಿದ್ದನ್ನು ತಾವು ಕೇಳಿಸಿಕೊಂಡಿರಾ? ಅವನ ಜಿಲ್ಲೆಯ ಆಸ್ಪತ್ರೆಗೆ ನರ್ಸ್ ಬರುವುದು ವಾರಕ್ಕೆ ಎರಡು ದಿನ. ಮಳೆ ಬಂದರೆ ರಸ್ತೆ ಮುಳುಗುತ್ತದೆ, ಒಮ್ಮೊಮ್ಮೆ ಮಾತ್ರೆ ಮುಗಿಯುತ್ತದೆ. ಆದರೆ ಮಾತ್ರೆ ಇದ್ದಾಗಲೂ ಜನ ಬರುತ್ತಿರಲಿಲ್ಲವಂತೆ, ಆ ಬಾಗಿಲಲ್ಲಿ ಕಂಡರೆ ಊರವರು ಏನು ಹೇಳಿಯಾರು ಎಂಬ ಹೆದರಿಕೆಗೆ. ಅದಕ್ಕೆ ಇವನು ಗೆಣಸಿನ ಚೀಲದಲ್ಲಿ ಮಾತ್ರೆ ಬಚ್ಚಿಟ್ಟುಕೊಂಡು ಮನೆ ಮನೆಗೆ ಮುಟ್ಟಿಸುತ್ತಿದ್ದ. "ಮುಟ್ಟಿದರೆ ಬರುವುದಿಲ್ಲ, ಒಟ್ಟಿಗೆ ಉಂಡರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೂ ಬರುವುದಿಲ್ಲ. ದಿನಾ ಮಾತ್ರೆ ತೆಗೆದುಕೊಂಡವರು ಎಲ್ಲರ ಹಾಗೆ ಬಾಳುತ್ತಾರೆ" ಎಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ತಾವು. ಲೋಟದ ಪತ್ರ ಬರೆದದ್ದು ಅದಾಗಿ ಐದನೇ ದಿನ.

ತೀರ್ಪು ಬಿರಿಯಾನಿಯ ಸಾಲಿನಲ್ಲೇ ಹೊರಬಿದ್ದಿತ್ತು. ಸಂಘದ ಕಾರ್ಯದರ್ಶಿ ತಾರಾನಾಥರು ತಟ್ಟೆ ಹಿಡಿದು, "ಅನುಭವ ಇಲ್ದೆ ಇಷ್ಟೆಲ್ಲ ಮಾತಾಡ್ಲಿಕ್ಕೆ ಆಗ್ತದಾ? ಅವನಿಗೆ ಉಂಟು, ಗ್ಯಾರಂಟಿ" ಎಂದರು. ತಾವು ತಲೆಯಾಡಿಸಿದಿರಿ. ಸಂಚಾಲಕರೇ, ಕಳೆದ ವರ್ಷ ಸುರಕ್ಷಿತ ಹೆರಿಗೆಯ ಬಗ್ಗೆ ಇದೇ ವೇದಿಕೆಯಲ್ಲಿ ಒಂದು ಗಂಟೆ ಮಾತಾಡಿದವರು ತಾವು. ತಮಗೆ ಎಷ್ಟು ಹೆರಿಗೆಯಾಗಿದೆ ಎಂದು ಯಾರಾದರೂ ಕೇಳಿದರಾ?

ನಾನೇನೂ ದೊಡ್ಡ ಜನ ಅಲ್ಲ. ಅವತ್ತು ಸಂಜೆ ಕ್ವಾಬೆನಾ ಚಹಾಕ್ಕೆ ಬಂದಾಗ, ಯಾವಾಗಲೂ ಕೈಗೆ ಕೊಡುತ್ತಿದ್ದವನು ಕಪ್ಪನ್ನು ಕೌಂಟರಿನ ಮೇಲಿಟ್ಟು ಬೆರಳಿನಲ್ಲಿ ತಳ್ಳಿದೆ. ಅವನು ಗಮನಿಸಲಿಲ್ಲ. ಒಳಗೆ ಪರೋಟ ಬೇಯಿಸುತ್ತಿದ್ದ ನನ್ನ ಹೆಂಡತಿ ಸಾರಮ್ಮ ಗಮನಿಸಿದಳು. "ನಿಮಗೆ ತಲೆ ಸಮ ಉಂಟಾ? ಮೂರು ಗಂಟೆ ಕೂತು ಕಲಿತು ಬಂದದ್ದು ಇದನ್ನಾ?" ಎಂದು ಸೌಟು ಹಿಡಿದೇ ಹೊರಗೆ ಬಂದಳು. 

ಈ ಪತ್ರಕ್ಕೆ ಒಂದು ಸುಲಭದ ದಾರಿ ಇತ್ತು. ಇಲ್ಲಿಗೆ ಬಂದವರೆಲ್ಲ ಎಚ್‌ಐವಿ ಇಲ್ಲವೆಂದು ರಕ್ತಪರೀಕ್ಷೆ ಮಾಡಿಸಿಯೇ ಇಲ್ಲಿರಲು ಐಡಿ ಪಡೆದವರು, ತಾವೂ ಅವನೂ ಒಂದೇ ಸಾಲಿನಲ್ಲಿ ನಿಂತು ತೋಳು ಚಾಚಿದವರು ಎಂದು ಬರೆದರೆ ಖಲಾಸ್. ಹಾಗೆಯೇ ಬರೆದಿದ್ದೆ. ಸಾರಮ್ಮ ಓದಿ ಹರಿದು ಹಾಕಿದಳು. "ಅವನಿಗೆ ಇಲ್ಲ, ಅದಕ್ಕೆ ಬಿಡಿ ಅಂತ ಬರೀಬೇಡಿ. ಹಾಗಾದ್ರೆ ಇದ್ದವನನ್ನು ಓಡಿಸ್ಬಹುದಾ? ನಮ್ಮ ಗುಂಪಿನಲ್ಲೇ ಯಾರಿಗಾದ್ರೂ, ಊರಲ್ಲಿ ಅವರ ಮನೆಯವ್ರಿಗೆ ಇದ್ರೆ, ಇದನ್ನು ಓದಿ ಅವ್ರು ಬಾಯಿ ಬಿಡ್ತಾರಾ?" ಆದ್ದರಿಂದ ಅವನಿಗೆ ಇದೆಯೋ ಇಲ್ಲವೋ ನಾನು ಹೇಳುವುದಿಲ್ಲ. ಕೇಳುವ ಅಧಿಕಾರ ತಮಗೂ ಇಲ್ಲ.

ಇನ್ನು ಶಾಲಿನ ವಿಷಯ. ನಮ್ಮ ಸಂಘದಲ್ಲಿ ಅತಿಥಿಗೆ ಶಾಲು ಹೊದೆಸದೆ ಕಳಿಸಿದ್ದಿಲ್ಲ. ಅವತ್ತು ತಾವು ಅದನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆಯಲೇ ಇಲ್ಲ. ಎರಡು ಬೆರಳಿನಲ್ಲಿ ತುದಿ ಹಿಡಿದು, ಕೈ ಉದ್ದ ಮಾಡಿ ಕೊಟ್ಟು, ಫೋಟೋಕ್ಕೆ ನಕ್ಕಿರಿ. ಅವನಿಗಿಂತ ಮೊದಲು ಗಾಯನ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಬಂದವನಿಗೂ ಹೆಗಲಿಗೆ ಹೊದೆಸಿದ್ದಿರಿ. ವಾಪಸು ಬರುವಾಗ ಕ್ವಾಬೆನಾ ಕಾರಿನಲ್ಲಿ ಕೇಳಿದ: "ಬಾಸ್, ನನಗೆ ಮಾತ್ರ ಕವರಿನಲ್ಲಿ ಯಾಕೆ?" ನಾನು ರಸ್ತೆ ನೋಡುತ್ತಾ, "ತುಂಬ ದೊಡ್ಡ ಅತಿಥಿಗೆ ನಮ್ಮಲ್ಲಿ ಹಾಗೆಯೇ" ಎಂದು ಸುಳ್ಳು ಹೇಳಿದೆ. ಅವನು ಮನೆ ಬರುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

ಬರುವ ಭಾನುವಾರದೊಳಗೆ ದೂರು ವಾಪಸಾಗದಿದ್ದರೆ ಅವನನ್ನು ಊರಿಗೆ ಕಳಿಸುವುದಾಗಿ ಕಂಪೆನಿ ಹೇಳಿದೆ. ಕಾರಣವನ್ನು ಅವನಿಗೆ ಯಾರೂ ಹೇಳಿಲ್ಲ. ಗೇಟಿನಲ್ಲಿ ತನ್ನಿಂದಲೇ ಏನೋ ತಪ್ಪಾಗಿದೆ ಎಂದುಕೊಂಡು ರಿಜಿಸ್ಟರಿನ ಹಳೆಯ ಪುಟಗಳನ್ನೆಲ್ಲ ತಿರುವಿ ಹುಡುಕುತ್ತಿದ್ದಾನೆ. ನಾನು ಇದನ್ನು ಕನ್ನಡದಲ್ಲಿ ಬರೆದದ್ದು ಅದಕ್ಕೇ. ಅವನು ದಿನಾ ಈ ಗಾಜಿನ ಮುಂದೆಯೇ ನಿಲ್ಲುತ್ತಾನೆ, ಓದಲು ಬರುವುದಿಲ್ಲ.

ಆದ್ದರಿಂದ ಈ ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ತಾವು ಇಲ್ಲಿಗೆ ಬರಬೇಕು. ದೂರು ವಾಪಸು ಪಡೆದ ಪತ್ರ ಕೈಯಲ್ಲಿರಲಿ. ಕ್ವಾಬೆನಾನ ಪಕ್ಕ ಕುಳಿತು ಒಂದು ಕರಕ್ ಕುಡಿಯಿರಿ, ನಾನೇ ಇಬ್ಬರ ಕೈಗೂ ಕೊಡುತ್ತೇನೆ. ಆಮೇಲೆ ಆ ಶಾಲನ್ನು ಕವರಿನಿಂದ ತೆಗೆದು ತಮ್ಮ ಕೈಯಾರೆ ಅವನಿಗೆ ಹೊದೆಸಿ. ಯಾಕೆಂದರೆ ಅವನು ನಿನ್ನೆ ಪೆಟ್ಟಿಗೆ ಕಟ್ಟುತ್ತಾ ನನ್ನನ್ನು ಒಂದು ಮಾತು ಕೇಳಿದ: "ಬಾಸ್, ಇದನ್ನು ಅಮ್ಮನಿಗೆ ಕೊಡುವಾಗ ನಾನು ಕವರ್ ತೆಗೆಯಬಹುದಾ? ನಿಮ್ಮವರಿಗೆ ಅವಮಾನ ಆಗುವುದಿಲ್ಲವಲ್ಲ?"

ಇಂತಿ,
ಒಂದು ಸಂಜೆ ಕಪ್ಪನ್ನು ಕೈಗೆ ಕೊಡದೆ ತಳ್ಳಿದವನು,
ಕೆಫೆಟೇರಿಯಾದ ಜಲೀಲ್