ಒಡೆದ ದವಡೆಯ ಲಯ

ಮಲ್ಲೂ ಅಣ್ಣಾ,

ಹೋದ ತಿಂಗಳು ಚೆಂಬೂರಿನ ಒಂದು ಕಾಲೇಜಿನಲ್ಲಿ ನಾನು ಒಬ್ಬನ ಕಾಲರ್ ಹಿಡಿದೆ. ವೇದಿಕೆಯ ಮೇಲೆಯೇ, ಮೈಕು ಆನ್ ಇರುವಾಗಲೇ. ಬೈಯಬೇಡ, ಮೊದಲು ಕೇಳು. ಇವತ್ತಿನ ರ‍್ಯಾಪ್ ಶೈಲಿಯನ್ನು ರೂಪಿಸಿದ ಮೊದಲಿಗರು ಯಾರು ಎಂದು ಮಾತುಕತೆ ಇಟ್ಟಿದ್ದರು. ಈಗ ನಾನೂ ನಾಲ್ಕು ಜನರಿಗೆ ಗೊತ್ತಿರುವ ರ‍್ಯಾಪರ್, ಹಾಗಾಗಿ ನನ್ನನ್ನೂ ಕರೆದಿದ್ದರು. ಪಕ್ಕದಲ್ಲಿದ್ದವನು ಸಂಗೀತದ ಬಗ್ಗೆ ಬರೆಯುವವನು. ನಮ್ಮ ಹುಡುಗರು ಹಲ್ಲು ಕಚ್ಚಿಕೊಂಡು, ಪದದ ಬಾಲ ನುಂಗುತ್ತಾ, ತಾಳಕ್ಕಿಂತ ಚೂರು ಹಿಂದೆ ಹಾಡುತ್ತಾರಲ್ಲ, ಅದು ಸೀದಾ ಅಮೆರಿಕದಿಂದ ಬಂದದ್ದು ಎಂದ. ಅಲ್ಲ, ಅದು ನಮ್ಮ ಆಂಟಾಪ್ ಹಿಲ್‌ನಲ್ಲಿ ಹುಟ್ಟಿದ್ದು, ಒಬ್ಬನ ಮುರಿದ ದವಡೆಯಲ್ಲಿ ಎಂದೆ. ಅವನು ನಕ್ಕ. "ಅಚ್ಛಾ? ಫಿರ್ ತೋ ಸಬ್ ಕಾ ಜಬಡಾ ತೋಡ್ ದೋ!" ಹಾಗಾದರೆ ಎಲ್ಲರ ದವಡೆಯನ್ನೂ ಮುರಿದುಬಿಡಿ ಅಂತೆ! ಸಭೆಯೆಲ್ಲ ನಕ್ಕಿತು. ಆಮೇಲೆ ಅವನ ತುಟಿ ಮೈಕಿಗೆ ಬಡಿದು ಒಡೆದದ್ದು, ಸೆಕ್ಯೂರಿಟಿಯವರು ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿದ್ದು... ಬಿಡು. ಆ ಸಿಟ್ಟಿನಲ್ಲೇ ಈ ಪತ್ರ.

ನೀನು ನಮ್ಮ ಬಾಗಿಲು ಒದ್ದು ಒಳಗೆ ಬಂದ ದಿನ ನೆನಪಿದೆಯಾ? ಅಪ್ಪ ನನ್ನನ್ನು ಬೆಲ್ಟಿನಿಂದ ಬಾರಿಸುತ್ತಿದ್ದ. ಹುಡುಗಿಯಾಗಿ ಶಾಲೆಯಲ್ಲಿ ಯಾರದೋ ಮೂಗು ಒಡೆದು ಬಂದಿದ್ದೆ, ಅದಕ್ಕೆ. ಪಕ್ಕದ ಖೋಲಿಯಿಂದ ನೀನು ಬಂದೆ, ಗ್ರಾಂಟ್ ರೋಡಿನ ಲಾಡ್ಜಿನ ಕೆಲಸ ಮುಗಿಸಿ ಬಂದ ಬಟ್ಟೆಯಲ್ಲೇ. ಬೀಳುತ್ತಿದ್ದ ಬೆಲ್ಟನ್ನು ಮುಂಗೈಗೆ ಸುತ್ತಿಕೊಂಡೆ. "ಕಾಕಾ, ಇನ್ನೊಂದ್ ಏಟ್ ಬಿತ್ತಂದ್ರ ಬೆಲ್ಟ್ ನನ್ ಕೈಯಾಗಿರ್ತೈತಿ, ನೋಡ್." ದಿನವಿಡೀ ಕಲ್ಲು ಕಟ್ಟುವ ಗವಂಡಿ ನಮ್ಮಪ್ಪ, ತೋಳು ನಿನ್ನ ತೊಡೆಯಷ್ಟಿತ್ತು. ಆದರೂ ಬೆಲ್ಟು ಬಿಟ್ಟ. ಹೊರಗೆ ಬಂದು ನೀನು ನನಗೆ ಸಮಾಧಾನ ಹೇಳಲಿಲ್ಲ. "ಸಿಟ್ಟ ಐತಿಲ್ಲ? ಅದನ್ನ ಮಾತಿನಾಗ ಹಾಕ" ಅಂದೆ. ನನಗೆ ಕನ್ನಡ ಸರಿಯಾಗಿ ಬರುವುದಿಲ್ಲ ಎಂದು ನಾನು ಹಿಂದಿಯಲ್ಲಿ ಹೇಳಿದೆ. "ಬೈಗಳಾ ಬರ್ತಾವಲ್ಲ? ಅಲ್ಲಿಂದನ ಸುರು ಮಾಡ."

ಭಾನುವಾರದ ಮಧ್ಯಾಹ್ನಗಳು ಬಿಲ್ಡಿಂಗಿನ ಟೆರೇಸಿನ ಮೇಲೆ, ನೀರಿನ ಟಾಕಿಯ ನೆರಳಿನಲ್ಲಿ ಕಳೆಯುತ್ತಿದ್ದವು. ಮೊದಲಿಗರು ಯಾರು ಎಂದು ಆ ಕಾಲೇಜಿನವರು ಕೇಳಿದ ಪ್ರಶ್ನೆಯನ್ನು ನೀನು ಆಗಲೇ ಕೇಳಿ, ನೀನೇ ಉತ್ತರ ಕೊಟ್ಟಿದ್ದೆ. ಮೊಟ್ಟಮೊದಲಿನವರು ಸಾಲಿನ ಕೊನೆಗೆ ಪ್ರಾಸ ಬಡಿದು ನಿಂತುಬಿಡುತ್ತಿದ್ದರು, ಬಾಗಿಲು ಹಾಕಿದ ಹಾಗೆ. ಆಮೇಲೆ ಒಬ್ಬ ಬಂದ, ಪ್ರಾಸವನ್ನು ಸಾಲಿನ ಹೊಟ್ಟೆಯೊಳಗೇ ಹುಗಿದ. ದನಿ ಏರಿಸದೆಯೇ ಎದುರಿನವನನ್ನು ಕೆಡವಿದ. ಇನ್ನೊಬ್ಬ ಬೀದಿಯ ಸಿಟ್ಟನ್ನು ಪೊಲೀಸರ ಮುಖಕ್ಕೇ ಎಸೆದ. ಒಬ್ಬೊಬ್ಬರ ಹಾಡನ್ನೂ ಫೋನಿನಲ್ಲಿ ಹಾಕಿ, ತಡೆದು, ಮತ್ತೆ ಹಾಕಿ ನನಗೆ ಕೇಳಿಸುತ್ತಿದ್ದೆ. ಕೊನೆಗೆ ನಿಮ್ಮವ್ವ ಕಾಶವ್ವನನ್ನು ಟೆರೇಸಿಗೆ ಕರೆದು ಗೀಗೀ ಪದ ಹೇಳಿಸುತ್ತಿದ್ದೆ. ಹರದೇಶಿ ಮೇಳದವರು ಸವಾಲು ಹಾಕುವುದು, ಎದುರಿನ ನಾಗೇಶಿ ಮೇಳದವರು ಜವಾಬು ಕೊಡುವುದು, ಜವಾಬು ಬಾರದವರ ಮಾನ ಊರ ಮುಂದೆ ಹೋಗುವುದು. "ರ‍್ಯಾಪ್ ಬ್ಯಾಟಲ್ ಅಂದ್ರ ಇದನ ಅಲ್ಲೇನ್ಲೇ ರೇಣೀ? ನಮ್ಮವ್ವ ಗೆದ್ದಾಕಿ" ಎನ್ನುತ್ತಿದ್ದೆ. ಕಾಶವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮೈದಾನದ ಬ್ಯಾಟಲ್‌ನಲ್ಲಿ ನೀನು ವಿಕ್ಕಿಯ ಹೆಸರೆತ್ತಿದ ಸಂಜೆ ನಾನು ಮುಂದಿನ ಸಾಲಿನಲ್ಲೇ ಇದ್ದೆ. ವಿಕ್ಕಿ ನಮ್ಮವನೇ, ವಿಜಯಪುರದ ಕಡೆಯವನೇ. ಊರಲ್ಲಿ ವಿಠ್ಠಲ, ಇಲ್ಲಿಗೆ ಬಂದು ವಿಕ್ಕಿ. ಗುಡಿಸಲು ಖಾಲಿ ಮಾಡಿಸುವುದು ಅವನ ಧಂದೆ. ಖಾಲಿ ಮಾಡಲ್ಲ ಎಂದ ಶರಣಪ್ಪ ಎಂಬ ಕೂಲಿಯವನ ಕಣ್ಣಿಗೆ ಅವನು ಸೈಕಲ್ ಚೈನು ಬೀಸಿದ್ದ, ಕಣ್ಣು ಹೋಯಿತು. ಇಡೀ ಕಾಲೊನಿಗೆ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಆ ಸಂಜೆ ನಿನ್ನ ಎದುರಾಳಿ ಬೇರೆ ಯಾರೋ ಇದ್ದ. ನೀನು ಅವನನ್ನು ಬಿಟ್ಟು, ಗೇಟಿನ ಹತ್ತಿರ ಬೈಕಿನ ಮೇಲೆ ಕೂತಿದ್ದ ವಿಕ್ಕಿಯ ಕಡೆ ತಿರುಗಿದೆ. ಕನ್ನಡದಲ್ಲಿ, ಹೆಸರು ಹಿಡಿದು. ಜನ ಮೊದಲು ಕೂಗಿದರು, ಆಮೇಲೆ ಯಾರಿಗೆ ಹೇಳುತ್ತಿದ್ದೀಯ ಎಂದು ಗೊತ್ತಾಗಿ ಒಬ್ಬೊಬ್ಬರೇ ತೆಪ್ಪಗಾದರು.

ಅದಾದ ಮೇಲೆ ಒಂದು ದಿನ, ಸಾರ್ವಜನಿಕ ಸಂಡಾಸಿನ ಹಿಂದೆ ನೀನು ಬಿದ್ದಿದ್ದೀಯ ಎಂದು ಹುಡುಗಿಯೊಬ್ಬಳು ಚೀರುತ್ತಾ ಬಂದಾಗ ನಾನು ನಲ್ಲಿಯ ಹತ್ತಿರ ಇದ್ದೆ. ವಿಕ್ಕಿ ಮತ್ತು ಅವನ ಹುಡುಗರು ಕಬ್ಬಿಣದ ರಾಡಿನಿಂದ ಹೊಡೆದಿದ್ದರು. ಬೇರೆಲ್ಲಿಗೂ ಅಲ್ಲ, ಬಾಯಿಗೆ ಮಾತ್ರ. ನಿನ್ನ ಮುಖದ ಕೆಳಭಾಗ ಒಂದು ಕಡೆಗೆ ಜಾರಿತ್ತು, ಹಲ್ಲುಗಳು ಮಣ್ಣಿನಲ್ಲಿ ಬಿದ್ದಿದ್ದವು. ನಾನು ಅವನ್ನು ಆರಿಸತೊಡಗಿದೆ. ಯಾಕೆ ಆರಿಸಿದೆನೋ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ದವಡೆಯನ್ನು ತಂತಿಯಿಂದ ಬಿಗಿದರು. ತೆಳ್ಳಗಿನ ಬೇಳೆಯ ನೀರನ್ನು ನೀನು ನಳಿಕೆಯಲ್ಲಿ ಹೀರುತ್ತಿದ್ದೆ, ಅರ್ಧ ಕತ್ತಿಗೆ ಸುರಿಯುತ್ತಿತ್ತು.

ತಂತಿ ಇರುವಾಗಲೇ ನೀನು ಗೋಡೆಗೊರಗಿ, ವಿಕ್ಕಿಗೆ ಹೇಳಿದ ಆ ಪದವನ್ನೇ ಗುನುಗಲು ಶುರುಮಾಡಿದೆ. ಬಾಯಿ ತೆರೆಯುವಂತಿಲ್ಲ, ಹಾಗಾಗಿ ಮಾತೆಲ್ಲ ಹಲ್ಲಿನ ಸಂದಿಯಿಂದ ಬರಬೇಕು. ಮೊದಲಿನ ವೇಗ ಇಲ್ಲ. ತಾಳ ಮುಂದೆ ಹೋಗುತ್ತಿತ್ತು, ನಿನ್ನ ಪದ ನೋವು ದಾಟಿಕೊಂಡು ತಡವಾಗಿ ಬಂದು ಬೀಳುತ್ತಿತ್ತು. ಆ ತಡದಲ್ಲೇ ಒಂದು ಬೆದರಿಕೆ ಇತ್ತು ಅಣ್ಣಾ, ಮೊದಲಿನ ನಿನ್ನ ಕೂಗಿನಲ್ಲೂ ಇಲ್ಲದ್ದು. ಕಾಶವ್ವ ತಲೆ ಚಚ್ಚಿಕೊಂಡಳು: "ಮಲ್ಲ್ಯಾ, ಬಾಯಿ ಮುರದಾರ, ಇನ್ನರ ಬಾಯಿ ಮುಚ್ಚೋ!" ನೀನು ಹಲ್ಲು ಬಿಡದೆ ಅಂದೆ, "ಮುಚ್ಚೇ ಹಾಡಾಕತ್ತೀನಲ್ಲ ಅವ್ವಾ." ಅಳುತ್ತಿದ್ದವಳಿಗೆ ನಗು ಬಂತು. ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಫೋನಿನಿಂದ ಫೋನಿಗೆ ಹೋಯಿತು. ವಡಾಳಾ, ಚೆಂಬೂರು, ಗೋವಂಡಿ. ತಂತಿ ಬಿಚ್ಚುವ ಹೊತ್ತಿಗೆ ಗಟ್ಟಿ ದವಡೆಯ ಹುಡುಗರೆಲ್ಲ ಹಲ್ಲು ಕಚ್ಚಿ ಹಾಡುತ್ತಿದ್ದರು.

ಚಹಾ ಅಂಗಡಿಯ ಆ ಬೆಳಗನ್ನು ನಾನು ಬರೆಯಬೇಕೋ ಬೇಡವೋ... ನೀನೇ ಇದ್ದೆ, ನಿನಗೆ ಗೊತ್ತು. ಆದರೆ ಕೊನೆಯದು ನಿನಗೆ ಗೊತ್ತಿಲ್ಲ. ಕೆಲಸಕ್ಕೆ ಹೋಗಲು ನೀನು ಬಸ್ಸಿಗೆ ಕಾಯುತ್ತಿದ್ದೆ, ಚಹಾ ಗ್ಲಾಸು ಕೈಯಲ್ಲಿತ್ತು. ವಿಕ್ಕಿ ಸೀದಾ ನಿನ್ನ ಹತ್ತಿರ ಬಂದ. ಮಾಂಸ ಕಡಿಯುವ ಚಾಪರ್ ಮೊದಲು ನಿನ್ನ ಹೆಗಲಿಗೆ ಬಿತ್ತು, ಆಮೇಲೆ ಕತ್ತಿಗೆ. "ಓಡ ರೇಣೀ" ಅಂದೆ. ನಾನು ಓಡಲಿಲ್ಲ. ಅವನ ಮಣಿಕಟ್ಟಿಗೆ ಹಲ್ಲು ಊರಿದೆ, ಬಾಯೊಳಗೆ ಅವನ ರಕ್ತದ ಉಪ್ಪು ಬರುವವರೆಗೆ. ಚಾಪರ್ ಹಿಡಿಯಲು ಹೋಗಿ ನನ್ನ ಅಂಗೈ ಕೊಯ್ದುಕೊಂಡದ್ದು ಆಗಲೇ. ಎರಡು ಬೆರಳು ಈಗಲೂ ಮಡಚುವುದಿಲ್ಲ. ಚಾಪರ್ ಕೆಳಗೆ ಬಿತ್ತು, ಅವನು ಓಡಿದ. ಟ್ಯಾಕ್ಸಿಗಳು ರಕ್ತ ನೋಡಿ ನಿಲ್ಲಲಿಲ್ಲ. ನಿಂತವನೊಬ್ಬನ ಗಾಡಿಯ ಹಿಂದಿನ ಸೀಟಿನಲ್ಲಿ, ನನ್ನ ಓಢಣಿ ನಿನ್ನ ಕತ್ತಿಗೆ ಒತ್ತಿ ಹಿಡಿದಿದ್ದಾಗ, ನಿನ್ನ ಉಸಿರು ನನ್ನ ಬೆರಳ ಸಂದಿಯಿಂದ ಬರುತ್ತಿತ್ತು. ಆಮೇಲೆ ಬರಲಿಲ್ಲ.

ವಿಕ್ಕಿ ಸಿಕ್ಕಿಬಿದ್ದು, ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳುವ ಹಿಂದಿನ ದಿನ ಅವನ ಕಡೆಯವರು ಆ್ಯಸಿಡ್ ಬಾಟಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಯಾರು ಅಡ್ಡ ನಿಂತರು ಗೊತ್ತಾ? ಅಪ್ಪ. ಕಲ್ಲು ಒಡೆಯುವ ಸುತ್ತಿಗೆ ಹಿಡಿದು ಹೊಸ್ತಿಲ ಮೇಲೆ ನಿಂತ. "ಬರ್ರಿ. ಮೊದಲ ಯಾಂವ ಬರ್ತಾನ, ಅಂವನ ತಲೀ ಇಲ್ಲೇ ಹೋಳ ಮಾಡ್ತೀನಿ." ಅವರು ಬಾಟಲಿಯನ್ನು ಗೋಡೆಗೆ ಒಡೆದು ಹೋದರು. ಸುಣ್ಣ ನೊರೆಗಟ್ಟಿ ಸುಲಿದು ಬಿತ್ತು. ಅಪ್ಪ ಒಳಗೆ ಬಂದು ಸುತ್ತಿಗೆಯನ್ನು ಪಕ್ಕದಲ್ಲಿಟ್ಟು ಕೂತ. ನನ್ನ ಕಡೆ ನೋಡದೆಯೇ ಹೇಳಿದ, "ನಾಳೆ ಎಲ್ಲಾ ಹೇಳ. ಏನೂ ಬಿಡಬ್ಯಾಡ."

ಕೋರ್ಟಿನಲ್ಲಿ ವಿಕ್ಕಿಯ ವಕೀಲರು ನೀನೇ ಅವನನ್ನು ಕೆಣಕಿದೆ ಎಂದು ತೋರಿಸಲು ಹೊರಟಿದ್ದರು. "ಗಾನಾ ಥಾ ಯಾ ಗಾಲಿ?" ಹಾಡೋ ಬೈಗುಳವೋ? "ಸುನಾಓ." ಜಡ್ಜ್ ಮೇಡಂ ತಲೆಯಾಡಿಸಿದರು, ಹೇಳು ಎಂದು. ನಾನು ಕಟಕಟೆಯ ಕಂಬಿ ಹಿಡಿದೆ. ನೀನು ಮೈದಾನದಲ್ಲಿ ಕೂಗಿದ ಹಾಗಲ್ಲ, ತಂತಿಯೊಳಗಿನಿಂದ ಹೇಳಿದ ಹಾಗೆ, ಹಲ್ಲು ಕಚ್ಚಿ ಹೇಳಿದೆ:

ಕಣ್ಣ ಕಿತ್ತಿ ಅವಂದ, ಕಂಡದ್ದ ಕಿತ್ತಿಯೇನ?
ಮಣ್ಣ ಹೊತ್ತ ಕೈ, ಮಡಚಿದ್ರ ಮುಷ್ಟಿ, ಮರತಿಯೇನ?
ವಿಕ್ಕೀ, ನಿನ್ನ ಹೆಸರ ನನ್ನ ಹಲ್ಲಾಗ ಐತಿ
ಹಲ್ಲ ಉದುರ್ಸು, ಹೆಸರ ಉಳಿತೈತಿ...

ಅರ್ಧದಲ್ಲಿ ನಾನು ವಿಕ್ಕಿಯನ್ನು ನೋಡಿದೆ. ತಲೆ ಬಗ್ಗಿಸಿ ಕೂತಿದ್ದ. ಅವನ ಬಲಗಾಲಿನ ಹೆಬ್ಬೆರಳು ನೆಲ ಬಡಿಯುತ್ತಿತ್ತು. ಸರಿಯಾದ ತಾಳಕ್ಕಲ್ಲ ಅಣ್ಣಾ. ನಿನ್ನ ಪದ ತಡವಾಗಿ ಎಲ್ಲಿ ಬೀಳುತ್ತಿತ್ತೋ ಅಲ್ಲಿಗೇ, ಒಂದನ್ನೂ ತಪ್ಪದೆ. ಒಂದು ಸಲ ಕೇಳಿದವನಿಗೆ ಅದು ಬರುವುದಿಲ್ಲ. ನಾನೇ ಕಲಿಯಲು ವಾರಗಟ್ಟಲೆ ಒದ್ದಾಡಿದ್ದೇನೆ. ನಿನ್ನ ದವಡೆ ಒಡೆದವನು, ಒಡೆದ ಮೇಲಿನ ನಿನ್ನ ದನಿಯನ್ನು ಎಷ್ಟು ಸಲ ಹಾಕಿ ಕೇಳಿರಬೇಕು? ಕಟಕಟೆಯಿಂದ ಹಾರಿ ಆ ಕಾಲನ್ನು ಮುರಿಯಬೇಕು ಅನಿಸಿತು. ಹಾರಲಿಲ್ಲ. ವಕೀಲರು ಸಾಕು ಎಂದರೂ ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಹೇಳಿದೆ, ಕೊನೆಯವರೆಗೂ ಅವನ ಹೆಬ್ಬೆರಳು ನಿಲ್ಲಲಿಲ್ಲ.

ಈ ಸೋಮವಾರ ತೀರ್ಪು ಬಂತು. ಜೀವಾವಧಿ. ಕಾಶವ್ವನಿಗೆ ಅಷ್ಟನ್ನು ಮಾತ್ರ ಹೇಳಿದ್ದೇನೆ. ಹೆಬ್ಬೆರಳಿನದು ಹೇಳಿಲ್ಲ, ಹೇಳುವುದೂ ಇಲ್ಲ. ನಿನಗೆ ಹೇಳದೆ ಇರಲಾಗಲಿಲ್ಲ.

ನಿನ್ನ,
ರೇಣಿ